ಫೌಜದಾರ ಬೆಕ್ಕು, ಹದಿನಾಲ್ಕು ಸೂಜಿ

ಕಲಬುರಗಿಯನ್ನು ನಾವೆಲ್ಲ ಇನ್ನೂ ಗುಲಬರ್ಗಾ ಎನ್ನುತ್ತಿದ್ದ, ಬಸ್ ಸ್ಟ್ಯಾಂಡಿನಿಂದ ಜಗತ್ ಸರ್ಕಲ್ಲಿಗೆ ಟಾಂಗಾದಲ್ಲಿ ಹೋಗುತ್ತಿದ್ದ ಕಾಲ ಅದು. ನಾಯಿಯೋ ಬೆಕ್ಕೋ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದರು. ನನ್ನ ವಯಸ್ಸಿನವರಿಗೆ ಇದು ಗೊತ್ತು. ನಾಲ್ಕು ಜನ ಕೂತಲ್ಲಿ ಮಾತು ಬಂದರೆ ಯಾರಾದರೊಬ್ಬರು ಹೊಟ್ಟೆ ಮುಟ್ಟಿಕೊಂಡು "ನನಗೂ ಮಾಡಿದ್ದರು" ಎನ್ನುತ್ತಾರೆ, ಉಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನನ್ನ ಹದಿನಾಲ್ಕರ ಕಥೆಯನ್ನು ಪೂರ್ತಿಯಾಗಿ ಒಬ್ಬರನ್ನು ಬಿಟ್ಟು ಯಾರ ಮುಂದೂ ಹೇಳಿಲ್ಲ. ಈಗಲೂ ಹೇಳಬೇಕೆಂಬ ಹುಮ್ಮಸ್ಸೇನಿಲ್ಲ. ಹೊತ್ತುಕೊಂಡು ತಿರುಗಿ ಸಾಕಾಗಿದೆ, ಅದಕ್ಕೆ ಇಳಿಸುತ್ತಿದ್ದೇನೆ.

ನಮ್ಮ ಮನೆ ಕಮಲಾಪುರದಲ್ಲಿತ್ತು. ಅಪ್ಪ ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರ. ಶನಿವಾರ ಬಂದು ಸೋಮವಾರ ನಸುಕಿನ ಬಸ್ಸು ಹಿಡಿಯುವವನು. ವಾರವಿಡೀ ಮನೆಯಲ್ಲಿ ಇರುತ್ತಿದ್ದವರು ಅಜ್ಜಿ, ನಾವು ಆಯಿ ಎಂದು ಕರೆಯುತ್ತಿದ್ದ ನನ್ನ ತಾಯಿ, ಹನುಮಪ್ಪನ ಗುಡಿಯ ಪೂಜೆ ಮಾಡುತ್ತಿದ್ದ ಅಪ್ಪನ ತಮ್ಮ ವೆಂಕಣ್ಣ ಕಾಕಾ, ಅವನ ಹೆಂಡತಿ ಕಾಕು, ಅವರ ಅಂಬೆಗಾಲಿಡುವ ಕೂಸು, ಮತ್ತು ಒಂಬತ್ತು ವರ್ಷದ ನಾನು. ಹಿಂದೆ ದೊಡ್ಡ ಹಿತ್ತಲು. ಬಾವಿ, ಬೇವಿನ ಮರ, ಬಚ್ಚಲು, ಒಲೆಗೆಂದು ಒಟ್ಟಿದ ತೊಗರಿ ಕಟ್ಟಿಗೆಯ ರಾಶಿ. ಆ ರಾಶಿಯಲ್ಲಿ ಬೆಕ್ಕು ಇತ್ತು.

ಅದನ್ನು ಯಾರೂ ಸಾಕಿರಲಿಲ್ಲ. ಬೂದು ಮೈಮೇಲೆ ಕಪ್ಪು ಪಟ್ಟಿ, ಎಡಗಿವಿ ಅರ್ಧ ಹರಿದದ್ದು. ಮುಂಜಾನೆ ಹಿತ್ತಲ ಗೋಡೆಯ ಮೇಲೆ ಒಂದು ಸುತ್ತು, ಸಂಜೆ ಒಂದು ಸುತ್ತು. ಪ್ರತಿ ಮೂಲೆಗೂ ನಿಂತು, ಮೂಸಿ ನೋಡಿ, ಎಲ್ಲ ಸರಿ ಇದೆ ಅನ್ನಿಸಿದ ಮೇಲೆಯೇ ಮುಂದೆ ಹೋಗುತ್ತಿತ್ತು. ಈ ಗಸ್ತು ನೋಡಿ ಅಪ್ಪ ಅದಕ್ಕೆ ಫೌಜದಾರ ಎಂದು ಹೆಸರಿಟ್ಟಿದ್ದ. ನಮ್ಮ ಕಡೆ ಪೊಲೀಸ್ ಸಾಹೇಬರನ್ನು ಹಾಗೆ ಕರೆಯುತ್ತಿದ್ದರು.

"ಹೆಣ್ಣ ಬೆಕ್ಕಿಗೆ ಫೌಜದಾರ ಅಂತಾರೇನ್ರಿ ಭಾವಾ?" ಎಂದು ಕಾಕು ನಕ್ಕಿದ್ದಳು.

"ಅದರ ಮುಂದ ಹೋಗಿ ಕೇಳು ಬೇಕಾದ್ರ" ಅಂದಿದ್ದ ಅಪ್ಪ.

ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೇರೆ ಬೆಕ್ಕು ಗೋಡೆ ಹತ್ತಿದರೆ ಕೂದಲು ಹಾರುತ್ತಿದ್ದವು. ಓಣಿಯ ನಾಯಿಗಳು ನಮ್ಮ ಹಿಂಬಾಗಿಲ ಮುಂದೆ ಬರುವಾಗ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದವು. ಬೇವಿನ ಟೊಂಗೆ ಕಡಿಯಲು ಬಂದವನು ಅರ್ಧ ಕೆಲಸ ಬಿಟ್ಟು ಹೋದ. ಕಾಕಾ ತನ್ನದೇ ಮನೆಯ ಬಚ್ಚಲಿಗೆ ಕೋಲು ಹಿಡಿದು ಹೋಗುತ್ತಿದ್ದ. ನೀರು ಸೇದುವ ಆಯಿ, ಹಪ್ಪಳ ಒಣಹಾಕುವ ಅಜ್ಜಿ, ಇವರಿಬ್ಬರಿಗೆ ಮಾತ್ರ ಆ ಹಿತ್ತಲಲ್ಲಿ ರಹದಾರಿ. ಅವರಿಗೂ ಮುಟ್ಟಗೊಡುತ್ತಿರಲಿಲ್ಲ. ಆಯಿ ಒಡೆದ ಹೆಂಚಿನ ಮೇಲೆ ಹಾಲು ರೊಟ್ಟಿ ಕಲಸಿಟ್ಟು ಬೆನ್ನು ತಿರುಗಿಸಿದ ಮೇಲೆಯೇ ಅದು ಇಳಿದು ಬಂದು ತಿನ್ನುತ್ತಿತ್ತು.

ಅಜ್ಜಿ ಅದರ ಪಕ್ಷ. "ಅದು ಅದ ಅಂತ ಇಲಿ ಇಲ್ಲ, ನನ್ನ ಹಪ್ಪಳ ಉಳದಾವ. ಬೆಕ್ಕಿಗೆ ಮೈಲಿಗಿ ಇಲ್ಲ" ಎನ್ನುತ್ತಿದ್ದಳು. ಬೆಕ್ಕೊಂದನ್ನು ಬಿಟ್ಟು ಉಳಿದ ಎಲ್ಲದಕ್ಕೂ ಆ ಮನೆಯಲ್ಲಿ ಮೈಲಿಗೆ ಇತ್ತು.

ಮಡಿಯ ಸಂಗತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಯಿ ಒಗೆದ ಪತ್ತಲವನ್ನು, ಅಂದರೆ ಸೀರೆಯನ್ನು, ಎತ್ತರದ ಗಳದ ಮೇಲೆ ಕೋಲಿನಿಂದ ಹಾಕಿ ಒಣಗಿಸುತ್ತಿದ್ದಳು. ಮರುದಿನ ಸ್ನಾನ ಮಾಡಿ ಅದನ್ನೇ ಉಟ್ಟು ಅಡುಗೆ. ನಡುವೆ ಅದನ್ನು ಬೇರೆ ಯಾರೂ ಮುಟ್ಟಬಾರದು. ಮುಟ್ಟಿದರೆ ಆ ಅಡುಗೆ ದೇವರಿಗೆ ಆಗುವುದಿಲ್ಲ, ದೇವರಿಗೆ ಆಗದ್ದು ಅಜ್ಜಿಗೆ ಆಗುವುದಿಲ್ಲ. ಕೂಸಿನ ತಾಯಿ ಕಾಕುಗೆ ಮಡಿ ಸಾಧ್ಯವಿರಲಿಲ್ಲ. ಹಾಗಾಗಿ ಅಡುಗೆಯೆಲ್ಲ ಆಯಿಯ ಮೇಲೆ. ಹಿಂದೊಮ್ಮೆ ನಾನು ಆಡುತ್ತಾ ಓಡಿಬಂದು ಮಡಿಯಲ್ಲಿದ್ದ ಆಯಿಯನ್ನು ತಬ್ಬಿಕೊಂಡಿದ್ದೆ. ಅಜ್ಜಿ ಅವತ್ತು ಇಡೀ ದಿನ ಉಪವಾಸ ಕೂತಳು. ನನಗೆ ಒಂದು ಮಾತೂ ಅನ್ನಲಿಲ್ಲ. "ಮಕ್ಕಳ್ನ ಹಿಡದ ಇಡ್ಲಿಕ್ಕೆ ಬರೂದಿಲ್ಲೇನು ನಿನಗ?" ಎಂದು ಆಯಿಯನ್ನೇ ಮೂರು ದಿನ ತಿವಿದಳು. ಆಯಿ ತಲೆ ತಗ್ಗಿಸಿ ಪಾತ್ರೆ ತಿಕ್ಕಿದಳು. ಅವತ್ತಿನಿಂದ ಮಡಿ ಅಂದರೆ ನನಗೆ ದೇವರ ಅಂಜಿಕೆಯಲ್ಲ, ಆಯಿಯ ಆ ತಗ್ಗಿದ ತಲೆಯ ಅಂಜಿಕೆ.

ಆ ಸಲ ಚಾತುರ್ಮಾಸದ ಮೊದಲ ತಿಂಗಳು. ವ್ರತಕ್ಕೆಂದು ಮನೆಯಲ್ಲಿ ಕಾಯಿಪಲ್ಯ ಬಂದ್, ಹಣ್ಣು ಬಂದ್. ದಿನಾ ಅದೇ ಹೆಸರುಬೇಳೆ, ಮೆಣಸಿನ ಸಾರು, ಒಣ ಮಾವಿನ ಪುಡಿ. ಹೊರಗೆ ಜಿಟಿಜಿಟಿ ಮಳೆ, ಕರಿಮಣ್ಣು ಕಾಲಿಗೆ ಹತ್ತಿ ಚಪ್ಪಲಿ ಸೇರುಗಟ್ಟಲೆ ಭಾರ. ಆಟಕ್ಕೆ ಹೋಗುವಂತಿಲ್ಲ. ಬೇಸರದಲ್ಲಿ ನನಗೆ ಒಂದೇ ಹುಚ್ಚು ಹತ್ತಿತ್ತು: ಫೌಜದಾರನನ್ನು ಒಮ್ಮೆ, ಒಂದೇ ಒಂದು ಸಲ, ತೊಡೆಯ ಮೇಲೆ ಕೂಡಿಸಿಕೊಳ್ಳಬೇಕು.

ಒಂದು ಮಧ್ಯಾಹ್ನ ಅಜ್ಜಿ ತೂಕಡಿಸುತ್ತಿದ್ದಳು. ಆಯಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೆಕ್ಕು ತೊಗರಿ ಕಟ್ಟಿಗೆಯ ರಾಶಿಯ ಕೆಳಗೆ ಮುದುಡಿ ಮಲಗಿತ್ತು. ಅದರ ಮೇಲೆ ಹಾಕಲು ಏನಾದರೂ ಬೇಕಿತ್ತು. ಕಣ್ಣಿಗೆ ಬಿದ್ದದ್ದು ಮಳೆಗೆಂದು ಹಿತ್ತಲ ತಗಡಿನ ಕೆಳಗೆ ಗಳದ ಮೇಲೆ ಹಾಕಿದ್ದ ಆಯಿಯ ಇಳಕಲ್ ಪತ್ತಲ. ಕೋಲಿನಿಂದ ಇಳಿಸಿದೆ. ಎರಡೂ ಕೈಯಲ್ಲಿ ಹರಡಿ ಹಿಡಿದು, ಉಸಿರು ಬಿಗಿಹಿಡಿದು, ಬೆಕ್ಕಿನ ಮೇಲೆ ಬಿದ್ದೆ.

ಹಿಡಿದೆ ಕೂಡ. ಹಸಿ ಆರದ ಬಟ್ಟೆಯೊಳಗಿಂದ ಅದರ ಬೆಚ್ಚನೆ ಮೈ, ಪಟಪಟ ಹೊಡೆದುಕೊಳ್ಳುವ ಎದೆ ನನ್ನ ಅಂಗೈಗೆ ತಾಗಿತು. ಹತ್ತು ಎಣಿಸುವಷ್ಟು ಹೊತ್ತೂ ಇಲ್ಲ. ಆಮೇಲೆ ಬಟ್ಟೆಯಿಂದ ತಲೆ ಹೊರಬಂತು, ಮೊಣಕೈ ಕೆಳಗೆ ಹಲ್ಲು ಇಳಿಯಿತು. ಅದು ರಾಶಿ ಹತ್ತಿ ನಿಂತು ನನ್ನನ್ನೇ ನೋಡುತ್ತಾ ಗುರುಗುಟ್ಟಿತು. ಗೋಡೆ ಹಾರಿ ಹೋಗಲಿಲ್ಲ. ಹೋಗಬೇಕಾದವಳು ನಾನು.

ರಕ್ತ ಸುರಿಯುತ್ತಿತ್ತು. ಆದರೂ ನಾನು ಮೊದಲು ಮಾಡಿದ್ದು ಪತ್ತಲವನ್ನು ಕೊಡವಿ, ಕೋಲಿನಿಂದ ಎತ್ತಿ, ಮೊದಲಿದ್ದಂತೆಯೇ ಗಳಕ್ಕೆ ಹಾಕಿದ್ದು. ಬಟ್ಟೆಯ ಬಣ್ಣವೇ ಕೆಂಪು, ರಕ್ತ ಕಾಣುತ್ತಿರಲಿಲ್ಲ. ಆಮೇಲೆ ಅತ್ತೆ.

"ತಾನ ಬಂತು. ನಾ ಸುಮ್ನ ನಿಂತಿದ್ದೆ" ಎಂದೆ ಓಡಿಬಂದ ಆಯಿಗೆ.

ಮರುದಿನ ನಸುಕಿನಲ್ಲೇ ಆಯಿ ಅದೇ ಪತ್ತಲ ಉಟ್ಟು ಅಡುಗೆ ಮಾಡಿದಳಂತೆ. ದೇವರು ಉಂಡ, ಅಜ್ಜಿ ಉಂಡಳು. ಆ ಮುಂಜಾನೆಯೇ ನಾನು ಮತ್ತು ಆಯಿ ಗುಲಬರ್ಗಾ ಬಸ್ಸಿನಲ್ಲಿದ್ದೆವು. ಕಮಲಾಪುರದ ದವಾಖಾನೆಯಲ್ಲಿ ಆ ಸೂಜಿ ಇರಲಿಲ್ಲ.

ದೊಡ್ಡ ದವಾಖಾನೆಯ ಡಾಕ್ಟರು ವಯಸ್ಸಾದವರು, ಮೆತ್ತನೆ ಮಾತು. ಗಾಯ ನೋಡಿ ನನ್ನನ್ನೇ ಕೇಳಿದರು. "ಏನವ್ವ, ಬೆಕ್ಕು ತಾನಾಗಿ ಮೈಮ್ಯಾಲ ಬಂತೋ, ನೀ ಏನರ ಕೆಣಕಿದ್ದೋ?"

"ತಾನ ಬಂತ್ರಿ."

"ಖರೇ?"

"ಖರೇರಿ."

ಅವರು ಆಯಿಯ ಕಡೆ ತಿರುಗಿದರು. "ಕೆಣಕಿ ಕಚ್ಚಿಸಿಕೊಂಡಿದ್ರ ಬ್ಯಾರೆ ಮಾತಿತ್ರಿ, ನಾಲ್ಕ ದಿನ ಕಾದು ನೋಡ್ತಿದ್ದೆ. ತಾನಾಗಿ ಬಂದು ಕಚ್ಚೇದ ಅಂದ್ರ ಕಾಯೂದು ಬ್ಯಾಡ. ದಿನಾ ಒಂದು, ಹದಿನಾಕು ಸೂಜಿ. ಬೆಕ್ಕಿನ ಮ್ಯಾಲ ಹತ್ತು ದಿನ ಕಣ್ಣಿಡ್ರಿ. ಹತ್ತನೇ ದಿನಾನೂ ಅದು ಚೆಂದಾಗಿತ್ತಂದ್ರ ಉಳಿದಿದ್ದು ನಿಲ್ಲಸೂಣು."

ಒಂದೇ ಮಾತು ಹೇಳಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು. ನನಗೂ ಅದು ತಿಳಿಯಿತು. ಆದರೆ ಆಯಿ ಪಕ್ಕದಲ್ಲೇ ನಿಂತಿದ್ದಳು. ಹೇಗೆ ಕೆಣಕಿದೆ ಎಂದು ಕೇಳುವವಳು. ನಾನು ಅಂಗಿ ಮೇಲೆತ್ತಿ ಮಲಗಿದೆ.

ಆಮೇಲಿನ ದಿನಗಳು ಎಲ್ಲ ಒಂದೇ ತರಹ. ಆಯಿ ನಸುಕಿನಲ್ಲಿ ಎದ್ದು, ಬಾವಿಯ ತಣ್ಣೀರು ಮೈಮೇಲೆ ಹೊಯ್ದುಕೊಂಡು, ಮಡಿಯಲ್ಲಿ ಅಡುಗೆ ಮುಗಿಸಿ ಮುಚ್ಚಿಟ್ಟು, ಬೇರೆ ಸೀರೆ ಸುತ್ತಿಕೊಂಡು ನನ್ನನ್ನು ಎಬ್ಬಿಸುತ್ತಿದ್ದಳು. ಬಸ್ಸಿನಲ್ಲಿ ಜಾಗ ಸಿಗುತ್ತಿದ್ದುದು ಅಪರೂಪ. ಬಾಳೆಗೊನೆಗಳ ಸಂದಿಯಲ್ಲಿ, ಒದ್ದೆ ಕೊಡೆಗಳ ವಾಸನೆಯಲ್ಲಿ, ನನ್ನನ್ನು ಕಾಲ ನಡುವೆ ನಿಲ್ಲಿಸಿಕೊಂಡು ಕಂಬಿ ಹಿಡಿದು ನಿಲ್ಲುತ್ತಿದ್ದಳು. ದವಾಖಾನೆಯಲ್ಲಿ ಉದ್ದನೆ ಸಾಲು, ಸ್ಪಿರಿಟ್ಟಿನ ವಾಸನೆ. ನನ್ನಂಥವೇ ಹತ್ತಾರು ಹುಡುಗರು, ಎಲ್ಲರ ಹೊಟ್ಟೆಯ ಮೇಲೂ ಕೆಂಪು ಗುಳ್ಳೆಗಳು. ಸೂಜಿ ದಪ್ಪ, ಔಷಧ ಇಳಿಯುವಾಗ ಉರಿ. ಐದನೆಯ ದಿನಕ್ಕೆ ನಡು ಬಗ್ಗಿಸಲೂ ಆಗುತ್ತಿರಲಿಲ್ಲ.

ಸೂಜಿ ಆದಮೇಲೆ ಆಯಿ ನನ್ನನ್ನು ಜಗತ್ ಸರ್ಕಲ್ಲಿನ ಕಡೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಗಾಡಿಯವನೊಬ್ಬ "ಕಮಲಾಪುರ್ ಕಾ ಲಾಲ್ ಕೇಲಾ" ಎಂದು ಕೂಗುತ್ತಿದ್ದ. ನಮ್ಮೂರಿನ ಕೆಂಪು ಬಾಳೆಹಣ್ಣು, ನಮ್ಮ ಮನೆಯಲ್ಲಿ ಆ ತಿಂಗಳು ಕಣ್ಣಿಂದ ನೋಡುವಂತಿಲ್ಲ. ಒಂದು ಕೊಂಡು, ಸಿಪ್ಪೆ ಸುಲಿದು ಕೈಗೆ ಕೊಡುತ್ತಿದ್ದಳು.

"ಅಜ್ಜಿ ಮುಂದ ಹೇಳಬ್ಯಾಡವಾ ಮತ್ತ."

"ನೀ ತಿನ್ನೂದಿಲ್ಲೇನು?"

"ನನಗ ಹ್ಯಾಂಗಾಗ್ತದ? ಮನೀಗ್ಹೋಗಿ ಸ್ನಾನಾ ಮಾಡಿ ಉಣ್ತೀನಿ."

ಹೊರಗೆ ಅವಳು ನೀರನ್ನೂ ಮುಟ್ಟುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಮನೆ ಸೇರಿ, ಬಸ್ಸಿನ ಮೈಲಿಗೆ ಹೋಗುವಂತೆ ಮತ್ತೆ ತಲೆ ಮೇಲೆ ನೀರು ಹೊಯ್ದುಕೊಂಡು, ತಣ್ಣಗಾದ ಅನ್ನ ಹೆಸರುಬೇಳೆ ಉಣ್ಣುತ್ತಿದ್ದಳು. ಒಮ್ಮೆ ಉಣ್ಣುತ್ತಾ ಉಣ್ಣುತ್ತಾ ತುತ್ತು ಕೈಯಲ್ಲೇ ಇದ್ದಂತೆ ನಿದ್ದೆ ಹೋಗಿದ್ದನ್ನು ನಾನು ನೋಡಿದೆ. ಅವಳು ನನ್ನನ್ನು ನಂಬಿ ಒಂದು ಬಾಳೆಹಣ್ಣಿನ ಗುಟ್ಟು ಕೊಟ್ಟಿದ್ದಳು. ನನ್ನ ಹತ್ತಿರ ಇದ್ದ ಗುಟ್ಟು ಅವಳಿಗೆ ಗೊತ್ತಿರಲಿಲ್ಲ. ಹಣ್ಣು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಇಳಿಯುತ್ತಿತ್ತು. ಅದೇ ಈಗ ನಾಚಿಕೆ.

ಉಂಡಮೇಲೆ ಅವಳ ಇನ್ನೊಂದು ಕೆಲಸ ಬೆಕ್ಕನ್ನು ನೋಡುವುದು. ಹಿಂಬಾಗಿಲ ಹೊಸ್ತಿಲ ಮೇಲೆ ಹಾಲಿನ ಬಟ್ಟಲು ಹಿಡಿದು ಕೂಡುತ್ತಿದ್ದಳು. "ಬಾರ ಫೌಜದಾರ, ಒಮ್ಮಿ ಮಾರಿ ತೋರ್ಸಿ ಹೋಗು. ನಿನ್ನ ಕೈಯಾಗ ಅದ ನಮ್ಮ ಹುಡುಗಿ ನಸೀಬ." ಸಂಜೆಯ ಗಸ್ತಿನ ಹೊತ್ತಿಗೆ ಅದು ಗೋಡೆಯ ಮೇಲೆ ಕಾಣಿಸುತ್ತಿತ್ತು. ಆಯಿ ಅದರ ನಡಿಗೆ, ಬಾಯಿ, ಕಣ್ಣು ಎಲ್ಲ ನೋಡಿ, ಒಳಗೆ ಬಂದು "ಚೆಂದ ಅದ ರೀ ಅತ್ತಿ, ಛಲೋ ತಿರುಗಾಡ್ಲಿಕತ್ತೇದ" ಎಂದು ವರದಿ ಕೊಡುತ್ತಿದ್ದಳು. ಆ ಬೆಕ್ಕು ಬದುಕಿರಲಿ ಎಂದು ಅಷ್ಟು ಹರಕೆ ಹೊತ್ತವರು ಇನ್ನಾರೂ ಇರಲಿಕ್ಕಿಲ್ಲ.

ಎಂಟನೆಯ ದಿನ ನಾವು ಮರಳಿ ಬಂದಾಗ ಕಾಕಾ ನಡುಮನೆಯಲ್ಲಿ ನಿಂತಿದ್ದ. ಕೂಸು ಅಂಬೆಗಾಲಿಟ್ಟು ಹಿಂಬಾಗಿಲು ದಾಟಿತ್ತಂತೆ. ಬೆಕ್ಕು ರಾಶಿಯ ಮೇಲೆ ಮೈ ಉಬ್ಬಿಸಿ ನಿಂತು ಫುಸ್ ಅಂದಿತ್ತಂತೆ. ಅಷ್ಟೇ. ಆದರೆ ಕಾಕು ಇನ್ನೂ ಅಳುತ್ತಿದ್ದಳು. ಆಯಿ ಸ್ನಾನ ಮಾಡಿ ಬರುವವರೆಗೆ ಕಾಕಾ ತಡೆದುಕೊಂಡಿದ್ದ.

"ವೈನಿ, ಇವತ್ತ ಅದನ್ನ ಬಿಟ್ಟ ಬರ್ತೀನಿ."

"ಇನ್ನೆರಡ ದಿನ ತಡೀರಿ" ಎಂದಳು ಆಯಿ. ಒದ್ದೆ ತಲೆ, ಮೈಮೇಲೆ ಅದೇ ಇಳಕಲ್ ಪತ್ತಲ, ಮುಂಜಾನೆಯಿಂದ ಖಾಲಿ ಹೊಟ್ಟೆ. "ಹತ್ತು ದಿನಾ ಆಗ್ಲಿ ಅಂದಾರ ಡಾಕ್ಟರು. ಹುಡುಗೀಗೆ ನಾಲ್ಕ ಸೂಜಿ ತಪ್ಪತಾವ."

"ಆ ಎರಡ ದಿನದಾಗ ನನ್ನ ಕೂಸಿನ ಮಾರಿ ಹರೀತಂದ್ರ? ಕೆಣಕಿದವ್ರನ್ನ ಕಚ್ಚೂ ಬೆಕ್ಕು ಬ್ಯಾರೆ. ಇದು ಸುಮ್ನ ನಿಂತ ಹುಡುಗೀನ ಕಚ್ಚೇದ." ಅವನು ನನ್ನ ಕಡೆ ತಿರುಗಿದ. ಕಾಕಾ ಕೆಟ್ಟವನಲ್ಲ, ಬಲು ನ್ಯಾಯದವನು. "ಸುಧೀ, ದೇವ್ರ ಕೋಣಿ ಮುಂದ ನಿಂತೀದಿ. ಖರೇ ಹೇಳು. ನೀ ಅದಕ್ಕ ಏನರ ಮಾಡಿದ್ದೇನು? ಮಾಡಿದ್ದಿ ಅಂದ್ರ ಇರ್ಲಿ ಬಿಡು, ಅದರ ತಪ್ಪಲ್ಲ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೂಂ ಅಂದರೆ ಬೆಕ್ಕು ಉಳಿಯುತ್ತಿತ್ತು. ನನ್ನ ಹೊಟ್ಟೆಯೂ ಉಳಿಯುತ್ತಿತ್ತು, ಆಯಿಯ ಬಸ್ಸೂ ನಿಲ್ಲುತ್ತಿತ್ತು. ಆದರೆ ಮುಂದಿನ ಪ್ರಶ್ನೆ, ಏನು ಮಾಡಿದ್ದಿ, ಹೇಗೆ ಹಿಡಿದಿ? ವ್ರತದ ತಿಂಗಳಲ್ಲಿ ಮೈಲಿಗೆಯ ಪತ್ತಲದ ಅಡುಗೆ ದೇವರ ಬಾಯಿಗೆ, ಅಜ್ಜಿಯ ಬಾಯಿಗೆ ಹೋಗಿತ್ತು. ಅಜ್ಜಿ ಎಷ್ಟು ದಿನ ಉಪವಾಸ ಕೂಡುತ್ತಾಳೋ, ಆಯಿ ಎಷ್ಟು ದಿನ ತಲೆ ತಗ್ಗಿಸುತ್ತಾಳೋ. ಗೋಣಿಚೀಲ ಹಾಕಿ ಹಿಡಿದೆ ಅಂತ ಇನ್ನೊಂದು ಸುಳ್ಳು ಹೇಳಬಹುದಿತ್ತು. ಅದು ನನಗೆ ಹೊಳೆದದ್ದು ಹತ್ತು ವರ್ಷದ ಮೇಲೆ.

"ಏನೂ ಮಾಡಿಲ್ಲ" ಎಂದೆ.

ಅಜ್ಜಿ ಕಾಕಾನಿಗೆ ಒಂದೇ ಮಾತು ಹೇಳಿದಳು: "ಬೆಕ್ಕು ಕೊಂದ ಪಾಪ ಬ್ಯಾಡ. ಹಳ್ಳ ದಾಟಿಸಿ ಬಿಡು." ನೀರು ದಾಟಿಸಿದ ಬೆಕ್ಕು ತಿರುಗಿ ಬರುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ.

ಕಾಕಾ ಕೈಗೆ ಕಂಬಳಿ ಸುತ್ತಿಕೊಂಡು ಹೋದ. ರಾಶಿಯ ಕಟ್ಟಿಗೆಗಳನ್ನು ಒಂದೊಂದಾಗಿ ಎಳೆದುಹಾಕಿದ. ಗೋಡೆ ಅಲ್ಲೇ ಎರಡು ಜಿಗಿತದ ದೂರದಲ್ಲಿತ್ತು. ಬೆಕ್ಕು ಹಾರಿದ್ದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಅದು ಹಾರಲಿಲ್ಲ. ತನ್ನ ಜಾಗ ಬಿಡದೆ, ರಾಶಿ ಕರಗುತ್ತಾ ಹೋದಂತೆ ಹಿಂದೆ ಹಿಂದೆ ಸರಿದು, ಕೊನೆಯ ಕಟ್ಟಿಗೆಯ ಮೇಲೆ ನಿಂತು ಜಗಳಾಡಿತು. ಹಾಗಾಗಿ ಸಿಕ್ಕಿತು. ಚೀಲದ ಬಾಯಿ ಕಟ್ಟಿ, ದಾರಿ ಮರೆಯಲಿ ಎಂದು ಮೂರು ಸುತ್ತು ತಿರುಗಿಸಿ, ಕಾಕಾ ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಚೀಲದೊಳಗಿಂದ ಸಣ್ಣ ದನಿಯೂ ಬರಲಿಲ್ಲ.

ಮತ್ತೆ ಆರು ದಿನ ಬಸ್ಸು, ಸಾಲು, ಸೂಜಿ. ನಡುವೆ ದೊಡ್ಡ ಮಳೆ ಬಂದು ಹಳ್ಳ ತುಂಬಿತು. ಹಾಲು ಹಾಕುವ ಶರಣವ್ವ ಒಂದು ಮುಂಜಾನೆ ಆಯಿಯ ಹತ್ತಿರ ಅಂದಳು, "ಅಕ್ಕೋರ, ನಿಮ್ಮ ಪಟ್ಟಿ ಬೆಕ್ಕು ಹಳ್ಳದ ಆಚಿ ದಂಡಿಗೆ ಕುಂತೈತ್ರಿ. ಎರಡ ದಿನದಿಂದ ನೋಡಾಕತ್ತೀನಿ. ಈ ಕಡೀನ ನೋಡಕೋತ ಕುಂತೈತಿ." ನೀರು ಇಳಿದ ಮೇಲೆ ನಾನು ಕದ್ದು ಹೋಗಿ ನೋಡಿಬಂದೆ. ಅಲ್ಲಿ ಏನೂ ಇರಲಿಲ್ಲ. ಅದು ಮತ್ತೆ ಬರಲೂ ಇಲ್ಲ.

ಹಿತ್ತಲು ಹದಿನೈದು ದಿನದಲ್ಲಿ ಊರ ಪಾಲಾಯಿತು. ನಾಯಿ ಬಂದು ಬಾವಿ ಕಟ್ಟೆಯ ಮೇಲೆ ಮಲಗಿದವು, ಇಲಿ ಹಪ್ಪಳದ ಡಬ್ಬಿಗೆ ಇಳಿದವು. ಮಡಿ ಬಟ್ಟೆಗಳ ಪೆಟ್ಟಿಗೆಯ ಮೂಲೆ ಕೊರೆದವು. ಆಯಿಯ ಪತ್ತಲದಲ್ಲಿ ಸಣ್ಣ ತೂತುಗಳು ಕಂಡಾಗ ಅವನ್ನೂ ಇಲಿಗಳ ಲೆಕ್ಕಕ್ಕೇ ಹಾಕಿದರು. ಆಯಿ ದೀಪದ ಮುಂದೆ ಕೂತು ಅವನ್ನು ಹೊಲಿದಳು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಅಪ್ಪ, ಅಜ್ಜಿ, ಕಾಕಾ ಒಬ್ಬೊಬ್ಬರಾಗಿ ಹೋದರು. ಕಮಲಾಪುರದ ಮನೆ ಮಾರಿದೆವು. ಕೊಂಡವರು ಹಿತ್ತಲ ತುಂಬ ಅಂಗಡಿಗಳನ್ನು ಕಟ್ಟಿಸಿದ್ದಾರೆ. ನಾನು ಕಲಬುರಗಿಯ ಕುಸನೂರ ರೋಡಿನಲ್ಲಿ ಮನೆ ಮಾಡಿದ್ದೇನೆ. ಹೊಲ ಇದ್ದಲ್ಲಿ ಈಗ ಸಾಲು ಮನೆಗಳು, ಗೋಡೆಗೆ ಗೋಡೆ ಅಂಟಿಕೊಂಡು. ನಾನೂ ಸಾಲಿಯಲ್ಲಿ ಕಲಿಸಿ ಕಲಿಸಿ ದಣಿದಿದ್ದೇನೆ. ಆಯಿ ನನ್ನ ಜೊತೆಗಿದ್ದಾಳೆ. ಮೊಣಕಾಲು ಮಡಚಲು ಬರುವುದಿಲ್ಲ, ಕುರ್ಚಿಯ ಮೇಲೆ ಕೂತು ಊಟ. ಮಡಿ ಯಾವಾಗಲೋ ಬಿಟ್ಟುಹೋಯಿತು. ಮುಂಜಾನೆ ಸ್ನಾನಕ್ಕೆ ಮೊದಲೇ ಚಹಾ ಕುಡಿಯುತ್ತಾಳೆ, ಬಿಸ್ಕೀಟು ಅದ್ದಿಕೊಂಡು.

ಹೋದ ವರ್ಷ ಒಂದು ರಜೆಯ ದಿನ ಇಬ್ಬರೂ ಕೂತು ಮೆಂತ್ಯೆ ಬಿಡಿಸುತ್ತಿದ್ದಾಗ, ಯಾಕೋ ಏನೋ, ಎಲ್ಲ ಹೇಳಿಬಿಟ್ಟೆ. ಪತ್ತಲ ಇಳಿಸಿದ್ದು, ಹಿಡಿದದ್ದು, ಡಾಕ್ಟರ ಮುಂದೆ ಹೇಳಿದ ಸುಳ್ಳು, ಕಾಕಾನ ಮುಂದೆ ಹೇಳಿದ ಸುಳ್ಳು. ಆಯಿ ಸೊಪ್ಪು ಬಿಟ್ಟು ನನ್ನನ್ನೇ ನೋಡಿದಳು. ನಾನು ಬೈಗುಳಕ್ಕೆ ಕಾದೆ. ನಿಜವಾಗಿ ಬೈಗುಳ ಬೇಕಾಗಿತ್ತು.

"ಅಯ್ಯ, ಹಂಗಾರ ಅದರದೇನೂ ತಪ್ಪಿರಲಿಲ್ಲಲ್ಲ" ಎಂದಳು. "ಪಾಪ, ಸುಮ್ನ ಅದರ ಮನೀ ಬಿಡಿಸಿದ್ವಿ."

"ಆಯೀ, ನಿನಗೆಷ್ಟು ತ್ರಾಸಾತು. ಹದಿನಾಕು ದಿನ, ಉಪವಾಸ, ನಿಂತಕೊಂಡು ಹೋಗೂದು ಬರೂದು. ಎಲ್ಲಾ ನನ್ನ ಸಂಬಂಧ."

"ನನಗೇನಾತು?" ಎಂದಳು. "ನಾ ದಿನಾ ತಿರುಗಿ ಮನೀಗೆ ಬರ್ತಿದ್ನಲ್ಲ."

ಈಗ ಉಪವಾಸ ಕೂಡುವ ಅಜ್ಜಿ ಇಲ್ಲ, ನ್ಯಾಯ ಕೇಳುವ ಕಾಕಾ ಇಲ್ಲ, ಕೆಡುವುದಕ್ಕೆ ಮಡಿ ಇಲ್ಲ, ಕಾಯುವುದಕ್ಕೆ ಹಿತ್ತಲಿಲ್ಲ. ನಾನು ಖರೆ ಹೇಳಿದ್ದು, ಹೇಳಲು ಯಾರಿಗೆ ಅಂಜಬೇಕಿತ್ತೋ ಅವರು ಯಾರೂ ಉಳಿಯದ ಮೇಲೆ, ಅದರಿಂದ ಉಳಿಯಬೇಕಾದ ಜೀವವೂ ಉಳಿಯದ ಮೇಲೆ.